ಪ್ಲೈವುಡ್ಡಿನ ಆಚೆ

"ಏಪ್ರಿಲ್ ಒಂದಕ್ಕೆ ಬರ್ರಿ, ಕೊಡ್ತೀನಿ," ಎಂದುಬಿಟ್ಟ ಮಹಾಂತೇಶ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಎದುರಿಗೆ ನಿಂತ ಸೊರಬದ ಭೀಮಣ್ಣನಿಗೆ ಅರ್ಥವಾಗಲಿಲ್ಲ. ಊರಿನ ಸಮುದಾಯ ಭವನಕ್ಕೆ ಅವನು ಕೊಡಬೇಕೆಂದಿದ್ದದ್ದು ಆರುನೂರು ತಟ್ಟೆ, ಅಷ್ಟೇ ಲೋಟ, ಎಲ್ಲದರ ಮೇಲೂ ತೀರಿಕೊಂಡ ತಾಯಿ ಅಕ್ಕನಾಗಮ್ಮನ ಹೆಸರು. ಇಷ್ಟು ದೊಡ್ಡ ಗಿರಾಕಿ ಶಿರಾಳಕೊಪ್ಪದ ಈ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

"ಅವ್ವನ ಪುಣ್ಯಸ್ಮರಣೆ ಈ ಮಾರ್ಚ್ ಇಪ್ಪತ್ತೆಂಟಕ್ಕೇ ಐತಲ್ರೀ."

"ಸ್ಟಾಕ್ ಇಲ್ರಿ."

ಅವನ ಬೆನ್ನ ಹಿಂದೆ ಸೂರಿನವರೆಗೂ ತಟ್ಟೆಗಳನ್ನು ಒಟ್ಟಲಾಗಿತ್ತು. ಭೀಮಣ್ಣ ಅವನ್ನೂ ಇವನ ಮುಖವನ್ನೂ ನೋಡಿ ಇಳಿದು ಹೋದ.

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದ ವ್ಯಾಪಾರ ನಲವತ್ತು ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಆಮೇಲೆ ಬಿಲ್ಲು, ರಿಟರ್ನು, ನೋಟಿಸು. ಎಂ.ಕಾಂ. ಓದಿದವನಿಗೆ ಗೆರೆ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ಮಾರ್ಚ್ ನಡುವಿಗೆ ಬಂದರೆ, ಎಲ್ಲಿ ದಾಟಿಬಿಡುತ್ತೋ ಎಂದು ಅಂಗಡಿಯನ್ನೇ ಮುಚ್ಚುತ್ತಿದ್ದ. ಅದೂ ಸಾಲದೆ, ಲೆಕ್ಕ ಎರಡು ಪಾಲಾಗಲಿ ಎಂದು ಎರಡು ವರ್ಷದ ಹಿಂದೆ ನಡುವೆ ಪ್ಲೈವುಡ್ ಹೊಡೆಸಿ, ಅರ್ಧ ಅಂಗಡಿಯನ್ನು ಹೆಂಡತಿ ಬಿಂದುಶ್ರೀ ಹೆಸರಿಗೆ ಮಾಡಿದ. ಎಂಥ ಬುದ್ಧಿವಂತ! ಹೆಸರು ಕೊರೆಯುವ ಮೆಷಿನ್ನು ಅವಳ ಪಾಲಿಗೆ ಹೋಯಿತು.

ಮೊದಲು ಇಬ್ಬರೂ ಒಂದೇ ಗಲ್ಲಾದ ಹಿಂದೆ ಕೂರುತ್ತಿದ್ದರು. ಚೀಟಿ ನೋಡಿ ಇವನು ಒಂದೊಂದೇ ಅಕ್ಷರ ಹೇಳುವುದು, ಅವಳು ತಲೆ ಬಗ್ಗಿಸಿ ಕೊರೆಯುವುದು. ಸ್ಟೀಲಿನ ಪುಡಿ ಊದುವಾಗ ಅವಳ ಉಸಿರು ಇವನ ಮುಂಗೈಗೆ ತಾಗುತ್ತಿತ್ತು. ಈಗ ಆ ಉಸಿರು ಮತ್ತೆ ಬೇಕು ಅನಿಸುತ್ತಿತ್ತು. ಮನೆಯಲ್ಲಿ ಅವಳು ಇದ್ದಳು, ನಿಜ. ಆದರೆ ಈಗೀಗ ಊಟಕ್ಕೆ ಕೂತರೂ ನಿಮ್ಮಂಗಡಿ, ನನ್ನಂಗಡಿ ಎಂಬ ಮಾತೇ.

ಪಕ್ಕದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು, ಭೀಮಣ್ಣನ ಕೆಮ್ಮು. ಮಹಾಂತೇಶ್ ಪ್ಲೈವುಡ್ಡಿಗೆ ಕಿವಿ ಹಚ್ಚಿದ.

"ಇಪ್ಪತ್ತೆಂಟರೊಳಗೆ ಎಲ್ಲಾದಕ್ಕೂ ಹೆಸರು ಹಾಕಿಕೊಡ್ತೀನ್ರಿ," ಎಂದಳು ಬಿಂದುಶ್ರೀ. "ಬಿಲ್ಲೂ ಕೊಡ್ತೀನಿ. ನಿನ್ನೆ ನನ್ನ ಜಿಎಸ್‌ಟಿ ನಂಬರ್ ಬಂತು."

ಇವನಿಗೆ ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ, ಹೋದ ತಿಂಗಳು, ಊಟದ ನಡುವೆ. ಇವನು ನಿನಗೆಲ್ಲೋ ಹುಚ್ಚು ಎಂದು ಸಾರಿಗೆ ತಟ್ಟೆ ಚಾಚಿದ್ದ.

ಮೊದಲ ತಟ್ಟೆಗೆ ಮೆಷಿನ್ನು ಜಿರ್ರೆಂದಿತು. ಭೀಮಣ್ಣ ಅಕ್ಷರ ಹೇಳತೊಡಗಿದ. ಅ. ಕ್ಕ. ಈಚೆ ಮಹಾಂತೇಶನ ತುಟಿಯೂ ಅಲುಗಿತು: ನಾ. ಗ. ಮ್ಮ. ಅವಳು ಪುಡಿ ಊದಿದ್ದು ಕೇಳಿಸಿತು.

"ಬಿಂದೂ," ಎಂದ.

ಮೆಷಿನ್ನು ನಿಂತಿತು. "ಏನ್ರೀ?"

"ಏನಿಲ್ಲ."

ಭೀಮಣ್ಣ ಹೋದ ಮೇಲೆ ಆಚೆಯಿಂದ ಸುತ್ತಿಗೆಯ ಏಟು. ನೋಂದಣಿ ಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಬೇಕೆಂಬ ನಿಯಮ ಇವನಿಗೂ ಗೊತ್ತು. ಮೂರನೆಯ ಏಟಿಗೆ ಮೊಳೆಯ ತುದಿ ಪ್ಲೈವುಡ್ ಸೀಳಿಕೊಂಡು ಇವನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಟ್ಟಿದ. ಬೆಚ್ಚಗಿತ್ತು.

'ಮಾರ್ಚ್ ೩೧ರವರೆಗೆ ಅಂಗಡಿ ರಜೆ' ಎಂಬ ರಟ್ಟು ಗಲ್ಲಾದ ಕೆಳಗೆ ಸಿದ್ಧವಿತ್ತು. ಹೊರಗೆ ಷಟರ್‌ಗೆ ಕಟ್ಟುವಂಥದ್ದು. ಅದನ್ನೆತ್ತಿ ಆ ಮೊಳೆಗೆ ಸಿಕ್ಕಿಸಿದ, ಅಕ್ಷರ ತನ್ನ ಕಡೆಗೇ ಕಾಣುವಂತೆ. ಆಚೆ ಅವಳು ಇನ್ನೊಂದು ಏಟು ಹಾಕಿದಳು. ರಟ್ಟು ಅಲುಗಾಡಿತು.