ಸುಣ್ಣದ ಟೀಚರಮ್ಮನ ಮೀನು

ರೂನೆಗೆ ಮೀನು ಹಿಡಿಯುವುದನ್ನು ಅವನ ಅಪ್ಪ ಕಲಿಸಿದ್ದು ಗಿರಣಿತೊರೆಯಲ್ಲಿ. ವೆರ್ಮ್‌ಲ್ಯಾಂಡಿನ ಕಾಡಿನೊಳಗೆ, ಓಡಿಬಂದು ಹಾರಿದರೆ ದಾಟಬಹುದಾದಷ್ಟು ಸಣ್ಣ ತೊರೆ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಅದೂ ಸತ್ತಿತ್ತು. ಎಲ್ಲಿಯದೋ ಹೊಗೆ ಮಳೆಯ ಜೊತೆ ಇಳಿದು ನೀರನ್ನು ಹುಳಿ ಮಾಡಿತು. ಮೊದಲು ಟ್ರೌಟ್ ಮೀನಿನ ಮೊಟ್ಟೆಗಳು ಒಡೆಯದಾದವು, ಆಮೇಲೆ ಮೀನುಗಳೇ ಇಲ್ಲವಾದವು. ನೀರು ಮಾತ್ರ ಗಾಜಿನಂತೆ ತಿಳಿಯಾಗಿ ಹರಿಯುತ್ತಿತ್ತು. ಅದನ್ನು ನೋಡಿದರೆ ಇನ್ನೂ ಸಂಕಟವಾಗುತ್ತಿತ್ತು.

ಆಗ ಅದನ್ನು ಬದುಕಿಸಲು ಹೊರಟವಳು ಸಿಗ್ನೆ, ಊರ ಶಾಲೆಯ ವಿಜ್ಞಾನದ ಟೀಚರು. ತಿಂಗಳಿಗೊಮ್ಮೆ ಸೀಸೆಯಲ್ಲಿ ನೀರು ತುಂಬಿಸಿ ಅಳೆದಳು, ಕಂಡ ಕಂಡ ಕಚೇರಿಗಳಿಗೆ ಕಾಗದ ಬರೆದಳು, ಕೊನೆಗೆ ನೀರಿನ ಹುಳಿ ಕಳೆಯಲು ಸುಣ್ಣದ ಕಲ್ಲಿನ ಪುಡಿ ತರಿಸಿದಳು. ತೊರೆಯ ತಲೆಯವರೆಗೆ ಗಾಡಿ ದಾರಿಯಿಲ್ಲ. ಮೂಟೆಗಳನ್ನು ಬೆನ್ನ ಮೇಲೆಯೇ ಹೊರಬೇಕು. ಮರದ ಮಿಲ್ಲಿನಲ್ಲಿ ಕೆಲಸದ ನಡುವೆ ಕಾಫಿಗೆ ಕೂತಾಗ ರೂನೆ ಎಲ್ಲರನ್ನೂ ನಗಿಸುತ್ತಿದ್ದ. "ಗೋಡೆಗೆ ಸುಣ್ಣ ಹೊಡೆಯೋದು ನೋಡಿದೀನಿ. ನೀರಿಗೆ ಹೊಡೆಯೋರನ್ನ ಇವತ್ತೇ ನೋಡಿದ್ದು." ಸುಣ್ಣದ ಟೀಚರಮ್ಮ ಎಂಬ ಹೆಸರು ಇಟ್ಟವನೂ ಅವನೇ.

ಅವನಿಗೆ ನಲವತ್ತೈದಾದಾಗ ಮಿಲ್ಲು ಮುಚ್ಚಿತು. ರೂನೆ ಅಡುಗೆಮನೆಯ ಮರದ ಸೋಫಾದ ಮೇಲೆ ಗೋಡೆಗೆ ಮುಖಮಾಡಿ ಮಲಗಿದವನು ಚಳಿಗಾಲ ಪೂರ್ತಿ ಏಳಲಿಲ್ಲ. ಹೆಂಡತಿ ಐನಾ ಬೈದು, ಬೇಡಿ, ಕೊನೆಗೆ ಸುಮ್ಮನಾದಳು. ಹಿಮ ಕರಗುತ್ತಿದ್ದ ಒಂದು ಬೆಳಿಗ್ಗೆ ಸಿಗ್ನೆ ಬೂಟು ಕೂಡ ಬಿಚ್ಚದೆ ಒಳಗೆ ಬಂದು ಸೋಫಾದ ಪಕ್ಕ ನಿಂತಳು.

"ಮೂಟೆ ಹೊರೋ ನನ್ನ ಹುಡುಗ್ರಲ್ಲಿ ಇಬ್ಬರಿಗೆ ಬೆನ್ನು ಹಿಡ್ಕೊಂಡಿದೆ. ನಿನ್ನ ಬೆನ್ನು ಇಲ್ಲಿ ಸುಮ್ನೆ ಬಿದ್ದಿದೆ. ಏಳು."

"ನಾನು ನಿಮ್ಮನ್ನ ಆಡ್ಕೊಂಡು ನಕ್ಕೋನು ಟೀಚರಮ್ಮ."

"ಗೊತ್ತು. ಸುಣ್ಣದ ಮೂಟೆಗೆ ಅದೇನೂ ಗೊತ್ತಿಲ್ಲ. ಏಳು."

ಅವನು ಎದ್ದ. ಅಂದಿನಿಂದ ಇಪ್ಪತ್ತೊಂದು ವರ್ಷ ಮೂಟೆ ಹೊತ್ತ. ಹೋದ ಶರತ್ಕಾಲದಲ್ಲಿ ಮೀನಿನ ಎಣಿಕೆಗೆ ಬಂದವರು ಬೆರಳುದ್ದದ ಮರಿಗಳನ್ನೂ ಗೇಣು ಮೀರಿದ ಮೀನುಗಳನ್ನೂ ಕಂಡರು. ಈ ಬೇಸಿಗೆ ಊರ ಮೀನು ಸಂಘ ತೊರೆಯನ್ನು ತೆರೆಯಿತು: ದಿನಕ್ಕೆ ತಲೆಗೊಂದೇ ಮೀನು, ಚಿಕ್ಕದಾದರೆ ವಾಪಸ್ಸು ನೀರಿಗೆ. ಆದರೆ ಅಷ್ಟರಲ್ಲಿ ಸಿಗ್ನೆಯ ಕಣ್ಣು ಕೈಕೊಟ್ಟಿತ್ತು. ಎಪ್ಪತ್ತಾರರ ಅವಳಿಗೆ ನೋಟದ ನಡುಭಾಗವೆಲ್ಲ ಮಸುಕು, ಅಂಚಿನಲ್ಲಿ ಮಾತ್ರ ಚೂರು ಬೆಳಕು.

"ನೀವು ಬರಲೇಬೇಕು," ಎಂದ ರೂನೆ.

"ಗಾಳ ಕಾಣಲ್ಲ, ದಾರ ಕಾಣಲ್ಲ. ಬಂದು ಸೊಳ್ಳೆಗಳಿಗೆ ಊಟ ಹಾಕ್ಲಾ?"

"ಗಾಳ ನಾನು ಕಟ್ತೀನಿ. ಸೊಳ್ಳೆ ಅರ್ಧ ಅರ್ಧ ಹಂಚ್ಕೊಳ್ಳೋಣ."

ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹೊರಟರು. ಅವನ ಬೆನ್ನುಚೀಲದ ಪಟ್ಟಿ ಹಿಡಿದು ಸಿಗ್ನೆ ಹಿಂದೆ ನಡೆದಳು. ಕೆಳಗಿನಿಂದ ಮೇಲಕ್ಕೆ, ನೀರಿನ ಮೇಲೆ ನೆರಳು ಬೀಳದ ಹಾಗೆ, ಪಾಚಿಯ ಮೇಲೆ ಹೆಜ್ಜೆ ಒತ್ತದೆ ಸಾಗಿದರು. ಮೊದಲ ಎರಡು ಮಡುಗಳಲ್ಲಿ ಏನೂ ಸಿಗಲಿಲ್ಲ. ಮೂರನೆಯದರಲ್ಲಿ ದಾರ ಕೊಂಬೆಗೆ ಸುತ್ತಿಕೊಂಡಿತು. ಅದನ್ನು ಬಿಡಿಸಲು ಹೋದ ರೂನೆ ಜಾರಿ ಸೊಂಟದವರೆಗೆ ನೀರಿಗೆ ಬಿದ್ದ.

"ಅಷ್ಟು ದೊಡ್ಡ ಮೀನು ಈ ತೊರೆಯಲ್ಲಿ ಇಲ್ಲ ಅಂದ್ಕೊಂಡಿದ್ದೆ," ಎಂದಳು ಸಿಗ್ನೆ, ದಡದಲ್ಲಿ ನೆಟ್ಟಗೆ ನಿಂತು.

ಮೇಲೆ ಆಲ್ಡರ್ ಮರದ ಬೇರುಗಳು ನೀರಿಗೆ ಇಳಿದ ಕಡೆ ರೂನೆ ಮಂಡಿಯೂರಿ ಕೂತ, ಅವಳನ್ನೂ ಕೂರಿಸಿದ. ಗಾಳಕ್ಕೆ ಎರೆಹುಳು ಸಿಕ್ಕಿಸಿ ಗಿಡ್ಡ ಕೋಲನ್ನು ಅವಳ ಕೈಗೆ ಕೊಟ್ಟು, ದಾರವನ್ನು ಅವಳ ತೋರುಬೆರಳಿನ ಮೇಲೆ ಹಾಯಿಸಿದ.

"ಎಡಕ್ಕೆ. ಇನ್ನೊಂಚೂರು. ಈಗ ಬಿಡಿ. ನೀರೇ ಒಯ್ಯುತ್ತೆ, ನೀವು ಏನೂ ಮಾಡ್ಬೇಡಿ."

ಹುಳು ಕಲ್ಲನ್ನು ಬಳಸಿ ಬೇರುಗಳ ನೆರಳಿಗೆ ಹೋಯಿತು. ಸಿಗ್ನೆ ಉಸಿರು ಬಿಗಿಹಿಡಿದಿದ್ದಳು.

"ಬೆರಳಿಗೆ ಏನೋ ತಟ್ಟಿತು."

"ಕಾಯಿರಿ."

"ಮತ್ತೆ ತಟ್ಟಿತು, ರೂನೆ."

"ಈಗ ಎತ್ತಿ."

ಕೋಲು ಬಿಲ್ಲಾಗಿ ಬಾಗಿತು. ಮೀನು ಬೇರಿನೊಳಗೆ ನುಗ್ಗಲು ನೋಡಿತು. ರೂನೆಯ ಕೈ ಕೋಲಿನ ಕಡೆ ತಾನಾಗಿ ಹೋಯಿತು. ಅವನು ಅದನ್ನು ಹಿಂದಕ್ಕೆಳೆದು ತನ್ನ ಒದ್ದೆ ತೊಡೆಯ ಕೆಳಗೆ ಒತ್ತಿ ಕೂತ. ಎಳೆದವಳೂ ಅವಳೇ, ಸಡಿಲ ಬಿಟ್ಟವಳೂ ಅವಳೇ. ಕೊನೆಗೆ ಮೀನು ಪಾಚಿಯ ಮೇಲೆ ಬಿದ್ದು ಒದ್ದಾಡಿದಾಗ ಅವನು ಬಗ್ಗಿ ಹಿಡಿದ.

ಸಿಗ್ನೆ ಕೈ ಒದ್ದೆ ಮಾಡಿಕೊಂಡು ಅದನ್ನು ತಲೆಯಿಂದ ಬಾಲದವರೆಗೆ ಸವರಿದಳು. "ಚುಕ್ಕೆ ಇದೆಯಾ?"

"ಇದೆ."

"ಸರಿಯಾಗಿ ಹೇಳು."

ರೂನೆ ಮೀನಿನ ಮೇಲೆ ಬಗ್ಗಿದ. "ಬೆನ್ನು ಕಂದು, ಕಾಫಿಗೆ ಚೂರೇ ಹಾಲು ಬೆರೆಸಿದ ಹಾಗೆ. ಹೊಟ್ಟೆ ಬೆಣ್ಣೆ ಬಣ್ಣ. ಪಕ್ಕದಲ್ಲಿ ಕೆಂಪು ಚುಕ್ಕೆ ಹದಿನಾಲ್ಕು. ಒಂದೊಂದರ ಸುತ್ತ ತೆಳು ನೀಲಿ ಉಂಗುರ. ನಮ್ಮಪ್ಪ ಹಿಡೀತಿದ್ದವೂ ಹೀಗೇ ಇರ್ತಿದ್ವು." ಆಮೇಲೆ ಕೇಳಿದ, "ನೀರಿಗೆ ಬಿಡೋಣ್ವಾ?"

"ನಿನಗೆ ತಲೆ ಸರಿ ಇದೆಯಾ? ಮೂವತ್ತು ವರ್ಷ ಕಾದಿದೀನಿ. ಬೆಣ್ಣೆ ತಂದಿದೀಯ ತಾನೆ?"

ತಂದಿದ್ದ. ಕಲ್ಲುಗಳ ನಡುವೆ ಸಣ್ಣ ಬೆಂಕಿ ಹಾಕಿ, ಮೀನಿಗೆ ರೈ ಧಾನ್ಯದ ಹಿಟ್ಟು ಸವರಿ ಬಾಣಲೆಯಲ್ಲಿ ಹುರಿದ. ಒಣರೊಟ್ಟಿಯ ಮೇಲಿಟ್ಟುಕೊಂಡು, ಬೆರಳಲ್ಲೇ ಮುಳ್ಳು ಬಿಡಿಸಿ ಇಬ್ಬರೂ ತಿಂದರು. ಅವನ ಬಟ್ಟೆಯಿಂದ ಹಬೆ ಏಳುತ್ತಿತ್ತು.

"ಟೀಚರಮ್ಮ," ಎಂದ ರೂನೆ ಬೆಂಕಿ ನೋಡುತ್ತ, "ಆವತ್ತು ನೀವು ಬರದೇ ಇದ್ದಿದ್ರೆ ನಾನು ಆ ಸೋಫಾದಿಂದ ಏಳ್ತಿರ್ಲಿಲ್ಲ. ಮಲಗಿದ್ದಾಗ ಏನೇನು ಯೋಚ್ನೆ ಮಾಡ್ತಿದ್ದೆ ಅನ್ನೋದು ಐನಾಗೂ ಹೇಳಿಲ್ಲ. ನೀವು ಮೀನನ್ನಷ್ಟೇ ಉಳಿಸಿದ್ದಲ್ಲ."

ಸಿಗ್ನೆ ಬೆಣ್ಣೆಯ ಬೆರಳುಗಳನ್ನು ನಿಧಾನವಾಗಿ ಹುಲ್ಲಿಗೆ ಒರೆಸಿದಳು. "ಆವತ್ತು ಯಾರಿಗೂ ಬೆನ್ನು ಹಿಡ್ಕೊಂಡಿರ್ಲಿಲ್ಲ," ಎಂದಳು. "ಐನಾ ಹಿಂದಿನ ಸಂಜೆ ನಮ್ಮನೆಗೆ ಬಂದು ಅತ್ತಿದ್ದಳು. ಹೇಳ್ಬೇಡಿ ಅಂದಿದ್ದಳು. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಸಾಕು."

ರೂನೆ ಎದ್ದ. ತೊರೆಯಲ್ಲಿ ಮುಖ ತೊಳೆದು ಬಂದು ಕಾಫಿ ಬಗ್ಗಿಸಿದ. ಆಮೇಲೆ ಮಧ್ಯಾಹ್ನದವರೆಗೆ ತನ್ನ ಸರದಿಯ ಗಾಳ ಹಾಕಿದ. ಎರಡು ಮರಿಗಳು ಸಿಕ್ಕವು, ಎರಡನ್ನೂ ಬಿಟ್ಟ.

ಮನೆಗೆ ಬಂದಾಗ ಐನಾ ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಳು. ತಲೆ ಎತ್ತಿ, "ಮೀನೆಲ್ಲಿ?" ಎಂದಳು.

ರೂನೆ ಬೆನ್ನುಚೀಲ ಕೆಳಗಿಟ್ಟ. ಒದ್ದೆ ಬೂಟಿನಲ್ಲೇ ಪಾತಿ ದಾಟಿ ಹೋಗಿ, ಮಣ್ಣು ಮೆತ್ತಿದ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ.

"ಬಿಡಿ, ಕೊಳೆಯಾಗುತ್ತೆ," ಎಂದಳು ಅವಳು.

ಅವನು ಬಿಡಲಿಲ್ಲ.