ಬೆನ್ನು ತಿರುಗಿಸಿದ ಹುಡುಗಿ

ಟೋಕಿಯೊದ ನಮ್ಮ ಅನಿಮೇಷನ್ ಸ್ಟುಡಿಯೊದಲ್ಲಿ ಮಾತಿನ ದೃಶ್ಯವೆಂದರೆ ಸುಲಭದ ಕೆಲಸ. ಮೈ ಅಲುಗಾಡಿಸಬೇಕಿಲ್ಲ. ಮುಚ್ಚಿದ ಬಾಯಿ, ಅರೆಬಾಯಿ, ತೆರೆದ ಬಾಯಿ ಎಂದು ಮೂರು ಚಿತ್ರ ಬರೆದುಕೊಂಡರೆ ಪಾತ್ರ ಸಂಜೆಯವರೆಗೂ ಹರಟುತ್ತದೆ. ಎಲ್ಲರ ಚಿತ್ರ ತಿದ್ದುವ ನಾನೇ ಹೊಸಬರಿಗೆ ಇದನ್ನು ಕಲಿಸುವುದು.

ಕಲಿಯದೆ ಹಟ ಹಿಡಿದವಳು ಶಿಹೊ ಒಬ್ಬಳೇ. ಹೋದ ಚಳಿಗಾಲ ಹಳೆಯ ಸ್ಟುಡಿಯೊ ಮುಚ್ಚಿ ಕೆಲಸ ಹೋದ ಮೇಲೆ ನಮ್ಮಲ್ಲಿಗೆ ಬಂದವಳು. ಅವಳ ತಾಯಿ ಕಿನುಯೊ ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಮ್ಮನೂ ಗೆಳತಿಯರೂ ಕೈಸನ್ನೆಯಲ್ಲಿ ಹರಟುವಾಗ ಮೂಲೆಯಲ್ಲಿ ಕೂತು ಆ ಕೈ, ಆ ಹೆಗಲು ಬರೆಯುತ್ತಲೇ ಚಿತ್ರ ಕಲಿತಳಂತೆ. ಆದರೆ ಮಗಳ ಕೆಲಸ ನೋಡಿದಾಗಲೆಲ್ಲ ಅಮ್ಮ ಹೇಳುವುದು ಒಂದೇ: "ನಿಮ್ಮ ಗೊಂಬೆಗಳು ನಿಂತಲ್ಲೇ ಬಾಯಿ ಬಡಿದು ಗಾಳಿ ತಿಂತಾವೆ."

ಈ ಸಲ ಅವಳಿಗೆ ಮೊದಲ ಸ್ವಂತ ದೃಶ್ಯ ಸಿಕ್ಕಿತ್ತು. ಯಾರೂ ಬಿಡಿಸಿ ಹೇಳದೆ ಅಮ್ಮನಿಗೆ ಅದು ಅರ್ಥವಾಗಬೇಕು ಎಂಬುದೊಂದೇ ಅವಳ ಆಸೆ. ಕೆಲಸ ಕಳೆದುಕೊಂಡ ಹುಡುಗಿ ಊರಿಗೆ ಬಂದು, ಅಮ್ಮನ ಮುಂದೆ ನಿಂತು, ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳುವ ದೃಶ್ಯ. ಶಿಹೊ ಬರೆದು ತಂದದ್ದು ಅಕ್ಕಿ ತೊಳೆಯುವ ಹುಡುಗಿಯ ಬೆನ್ನು.

"ಏನೇ ಇದು? ಮುಖಾನೇ ಇಲ್ಲ! ಜನ ಏನು ನೋಡ್ಬೇಕು, ಜಡೇನಾ?" ಎಂದೆ.

"ಬಾಯಿ ಬರೆಯೋದು ಉಳೀತಲ್ಲ ಸೆಗಾವಾ ಅವ್ರೇ. ಆ ಹಾಳೆಗಳನ್ನ ಹೆಗಲಿಗೆ ಕೊಡಿ."

"ಮೂರು ಬಾಯಿ ಉಳಿಸಿ ಒಂದು ಕಟ್ಟು ಹೆಗಲು ಕೇಳ್ತೀಯ. ಭಲೇ ವ್ಯಾಪಾರ!"

"ನಮ್ಮನೇಲಿ ಬೆನ್ನು ತಿರುಗಿಸಿದ್ರೆ ಮಾತು ಮುಗೀತು ಅಂತ. ಕೈ ಕಾಣದಿದ್ರೆ ಮಾತೆಲ್ಲಿ? ಅಮ್ಮನಿಗೆ ಸುಳ್ಳು ಹೇಳೋಕೆ ಅದೊಂದೇ ದಾರಿ."

ನನಗೆ ರೇಗಿತು. "ತಗೊಂಡು ಹೋಗು. ಯಾರಿಗೂ ಅರ್ಥ ಆಗ್ಲಿಲ್ವೋ, ಮುಖ ಹಾಕಿ ನಾನೇ ಬರೀತೀನಿ. ಆಮೇಲೆ ನಿನಗೆ ದೃಶ್ಯ ಗಿಶ್ಯ ಏನೂ ಇಲ್ಲ."

ದನಿ ಸೇರಿಸುವ ಮೊದಲು ಎಲ್ಲರೂ ಕೂತು ನೋಡುವ ದಿನ ಅವಳು ಅಮ್ಮನನ್ನೂ ಕರೆತಂದಳು. ತೆರೆಯ ಮೇಲೆ ಹುಡುಗಿ ಅಕ್ಕಿ ತೊಳೆಯುತ್ತಿದ್ದಾಳೆ. ಹಿಂದಿನಿಂದ ಆ ಹುಡುಗಿಯ ಅಮ್ಮ ಬಂದು ನಿಂತಳು. ಹುಡುಗಿಯ ಹೆಗಲು ಗಕ್ಕನೆ ನಿಂತಿತು. ಮರುಗಳಿಗೆ ಅಕ್ಕಿ ನುಚ್ಚಾಗುವಷ್ಟು ಅವಸರದಿಂದ ಮತ್ತೆ ತೊಳೆಯತೊಡಗಿದಳು.

ದೀಪ ಹತ್ತಿದ ಕೂಡಲೇ ಕಿನುಯೊ ಅವರ ಕೈಗಳು ಸರಸರ ಆಡಿದವು. ಶಿಹೊಳ ಮುಖ ಬಿಳುಚಿಕೊಂಡಿತು.

"ಏನಂತಾರೆ? ಗಾಳಿ ತಿಂತಾಳಂತಾ?" ಎಂದೆ.

"ಈ ಹುಡುಗಿ ಕೆಲಸ ಕಳ್ಕೊಂಡಿದಾಳೆ, ಅಮ್ಮನ ಹತ್ರ ಮುಚ್ಚಿಡ್ತಿದಾಳೆ ಅಂತಾರೆ."

ನಾನು ಸೋತಿದ್ದೆ. ಸೋತದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. "ನಾಳೆ ಬಂದು ಮುಂದಿನ ದೃಶ್ಯ ತಗೊಂಡು ಹೋಗು," ಎಂದೆ. "ಮತ್ತೆ ಇನ್ನೂ ಏನೋ ಅಂದ್ರಲ್ಲ?"

ಶಿಹೊ ಅಮ್ಮನ ಮಾತನ್ನು ಹಾಗೇ ಹೇಳಿದಳು. "ಹೋದ ಚಳಿಗಾಲ ನೀನೂ ಹೀಗೇ ಅಕ್ಕಿ ತೊಳೆದೆ. ಆವತ್ತೇ ಗೊತ್ತಾಯ್ತು. ನೀನಾಗಿ ತಿರುಗ್ಲಿ ಅಂತ ಕಾಯ್ತಿದ್ದೆ, ಅಂದ್ರು."

ಕಣ್ಣೊರೆಸಿಕೊಂಡು ಅವಳು ಅಮ್ಮನ ಕಡೆ ಪೂರ್ತಿ ತಿರುಗಿ ಕುಳಿತಳು. ಎರಡೂ ಕೈ ಎತ್ತಿದಳು.