ಕಸೂತಿ ಮೆಷಿನ್ನಿನ ಮಧ್ಯಾಹ್ನದ ಮುಷ್ಕರ

ಸತ್ತ ಕಂಪ್ಯೂಟರುಗಳನ್ನು ಬರೀ ಮುಟ್ಟಿ ಎಬ್ಬಿಸಿದವನು ನಾನು. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಕೆಟ್ಟ ಪ್ರಿಂಟರುಗಳು ಹೆದರಿ ಕಾಗದ ಉಗುಳುತ್ತವೆ. ಒಂದು ಬ್ಯಾಂಕಿನ ಸರ್ವರಂತೂ ಫೋನಿನಲ್ಲಿ ನನ್ನ ಕೆಮ್ಮು ಕೇಳಿಯೇ ಸರಿಹೋಯಿತು. ಇದರಲ್ಲಿ ಅರ್ಧ ಬೇಕಾದರೆ ಬಿಟ್ಟುಬಿಡಿ, ಉಳಿದರ್ಧವೇ ಒಂದು ಜನ್ಮಕ್ಕೆ ಸಾಕು. ಅಂಥ ನಾನು ವಾರದಿಂದ ಅಕ್ಕನ ಅಂಗಡಿಯ ಮೇಜಿನಡಿ ಅಂಗಾತ ಬಿದ್ದುಕೊಂಡು, ಮೂಗಿನ ಮೇಲೆ ದಾರದ ಚೂರು ಬೀಳಿಸಿಕೊಳ್ಳುತ್ತ, ಸೋಲುತ್ತಿದ್ದೆ. ಬೆನ್ನು ಯಾರದೋ ಎರವಲು ತಂದದ್ದೇನೋ ಎನ್ನುವ ಹಾಗಾಗಿತ್ತು.

ಅಕ್ಕನದು ಎರಡು ಕೋಣೆಯ ಕಸೂತಿ ಅಂಗಡಿ. ಮುಂದಿನ ಕೋಣೆಯಲ್ಲಿ ಭಾವ ಬಟ್ಟೆ ಕತ್ತರಿಸಿ ಇಸ್ತ್ರಿ ಮಾಡುತ್ತಾರೆ. ಹಿಂದಿನ ಕೋಣೆಯಲ್ಲಿ ಕಸೂತಿ ಮೆಷಿನ್ನು. ಕಂಪ್ಯೂಟರು ಹೇಳಿದ ಹಾಗೆ ಅದರ ಸೂಜಿ ಕುಣಿದು ಕೋಟಿನ ಜೇಬಿನ ಮೇಲೆ ಹೆಸರು ಹೆಣೆಯುತ್ತದೆ. ಆ ಕಂಪ್ಯೂಟರು ಎಷ್ಟು ಮುದಿಯಾಗಿತ್ತೆಂದರೆ, ಒಂದು ಹೆಸರು ತೆರೆದುಕೊಳ್ಳುವುದರೊಳಗೆ ಆ ಹೆಸರಿನವನು ನಿವೃತ್ತನಾಗಿರುತ್ತಿದ್ದ.

"ಕಂಪ್ಯೂಟರಿಗೆ ಹೊಸ ಬೋರ್ಡು, ಹೊಸ ಸಿಸ್ಟಮ್ ಹಾಕ್ತೀನಿ ಅಕ್ಕ. ನಿನ್ನ ಮೆಷಿನ್ನು ಹಾರುತ್ತೆ, ಹಗ್ಗ ತಂದಿಟ್ಕೋ" ಎಂದಿದ್ದೆ. ಹಾಕಿದೆ. ಹಾರಿತು, ಮಧ್ಯಾಹ್ನದವರೆಗೆ.

ಊಟದ ಹೊತ್ತು ದಾಟಿತೋ ಇಲ್ಲವೋ, ಅಕ್ಷರದ ನಡುವೆ ಸೂಜಿ ಬಟ್ಟೆಯಲ್ಲೇ ನೆಟ್ಟುಕೊಂಡು ನಿಂತುಬಿಡುತ್ತಿತ್ತು. ಕಂಪ್ಯೂಟರು ಆರಿಸಿ ಹಚ್ಚಿದರೆ ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತಿತ್ತು. ಬಟ್ಟೆ ಕೂದಲೆಳೆಯಷ್ಟು ಜಾರಿದರೂ ಅಕ್ಷರ ಸೊಟ್ಟ. ಅಕ್ಕ ವಾರವಿಡೀ ಕಿಟಕಿಯ ಬಳಿ ಕೂತು ಸೊಟ್ಟ ಹೆಸರುಗಳ ಹೊಲಿಗೆ ಬಿಚ್ಚುತ್ತಿದ್ದಳು. ಅವಳ ಕಣ್ಣು ಕೆಂಪಾಗಿ, ಕನ್ನಡಕ ಮೂಗಿನ ತುದಿಗೆ ಬಂದಿತ್ತು. ನರ್ಸಿಂಗ್ ಶಾಲೆಯ ಕೋಟುಗಳನ್ನು ಈ ಸಂಜೆಗೆ ಕೊಡಬೇಕು, ಇಲ್ಲವಾದರೆ ಇದ್ದ ಒಬ್ಬ ದೊಡ್ಡ ಗಿರಾಕಿಯೂ ಹೋದಂತೆ. ನಾಳೆ ಬೆಳಿಗ್ಗೆ ಮೆಷಿನ್ನು ಕೊಳ್ಳುವವನೊಬ್ಬ ನೋಡಲು ಬರುವವನಿದ್ದ. ಅಕ್ಕ ಅವನಿಗೆ ಬೇಡ ಅಂದಿರಲಿಲ್ಲ.

"ಲೋ ಬಡಾಯಿ, ಕೆಳಗೆ ಇನ್ನೂ ಉಸಿರಾಡ್ತಿದ್ದೀಯೇನೋ?" ಎಂದಳು ಅಕ್ಕ. ಬಡಾಯಿ ಅಂದರೆ ನಾನೇ. ಯಾಕೆ ಹಾಗೆ ಕರೆಯುತ್ತಾರೋ ದೇವರಿಗೇ ಗೊತ್ತು.

"ಕಾಯಿಲೆ ಪತ್ತೆ ಆಯ್ತಕ್ಕ."

"ಮೊನ್ನೆನೂ ಆಗಿತ್ತು, ಕೇಬಲ್ ಅಂದೆ. ನಿನ್ನೆನೂ ಆಗಿತ್ತು, ಕರೆಂಟು ಅಂದೆ. ಇವತ್ತು ಯಾರ ಸರದಿ?"

"ಭಾವನಂಥೋರದು."

"ನನ್ನನ್ಯಾಕಪ್ಪ ಎಳೀತೀಯ?" ಮುಂದಿನ ಕೋಣೆಯಿಂದ ಭಾವನ ಆಕಳಿಕೆ ಬೆರೆತ ದನಿ ಬಂತು. "ನಾನು ಇಸ್ತ್ರಿಪೆಟ್ಟಿಗೆ ಬಿಟ್ಟು ಇನ್ನೇನೂ ಮುಟ್ಟಿಲ್ಲ."

ನಾನು ಎದ್ದು ಕೂತೆ. ತಲೆ ಮೇಜಿಗೆ ಬಡಿದ ಸದ್ದಿಗೆ ಊರೇ ಬೆಚ್ಚಿರಬೇಕು. ಸ್ಕ್ರೀನಿನ ಮೇಲಿದ್ದ ಸಂದೇಶವನ್ನು ಅಕ್ಕನಿಗೆ ತೋರಿಸಿದೆ: ಇಂಟರಪ್ಟ್ ಬಂದಿದೆ, ಯಾರೂ ವಿಚಾರಿಸಿಕೊಂಡಿಲ್ಲ, ಲೈನು ಮುಚ್ಚಲಾಗಿದೆ.

"ನೋಡಕ್ಕ, ಒಳಗಿರೋ ಒಂದೊಂದು ಕಾರ್ಡೂ ಕೆಲಸ ಬಿದ್ದಾಗ ಮೆದುಳನ್ನ ಕೂಗುತ್ತೆ. ಆ ಕೂಗೇ ಇಂಟರಪ್ಟು. 'ಏನಪ್ಪ ನಿನ್ನ ಗೋಳು' ಅಂತ ವಿಚಾರಿಸೋಕೆ ಪ್ರತಿ ಕಾರ್ಡಿಗೂ ಒಂದು ಪ್ರೋಗ್ರಾಮ್ ಇರ್ಬೇಕು. ಇಲ್ಲಿ ಯಾವುದೋ ಒಂದು ಕೂಗ್ತಿದೆ, ವಿಚಾರಿಸೋರೇ ಇಲ್ಲ. ಅದು ಬಾಯಿ ಮುಚ್ಚಲ್ಲ. ಕೊನೆಗೆ ಸಿಸ್ಟಮ್ಮಿಗೆ ತಲೆ ಕೆಟ್ಟು ಆ ಲೈನನ್ನೇ ಮುಚ್ಚುತ್ತೆ. ಅದೇ ಲೈನಲ್ಲಿ ನಿನ್ನ ಮೆಷಿನ್ನಿನ ಕಾರ್ಡೂ ಇದೆ. ಅದರ ಕೂಗೂ ಒಳಗೆ ಹೋಗಲ್ಲ, ಸೂಜಿ ನಿಂತ್ಕೊಳ್ಳುತ್ತೆ."

ಅಕ್ಕ ಮುಂದಿನ ಕೋಣೆಯ ಕಡೆ ನೋಡಿದಳು. "ನಾನು ಕೂಗಿದಾಗ ಈ ಮನೇಲಿ ಆಗೋದೂ ಅದೇ. ಇದು ಕಾಯಿಲೆ ಅಲ್ವೋ, ಸಂಸಾರ."

"ಕೇಳಿಸ್ತು ಕಣೇ" ಎಂದರು ಭಾವ.

"ಕೇಳಿಸುತ್ತೆ. ವಿಚಾರಿಸಲ್ಲ." ಅವಳು ಮತ್ತೆ ಹೊಲಿಗೆ ಬಿಚ್ಚತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತನಗೆ ತಾನೇ ಎಂಬಂತೆ ಹೇಳಿದಳು: "ಚಿಕ್ಕಮ್ಮ ಹೇಳಿದ್ದೇ ನಿಜ ಆಯ್ತು ಬಿಡು."

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ, ನಮ್ಮಿಬ್ಬರನ್ನೂ ಸಾಕಿದವಳು. ಬೇರೆ ಊರಿನಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯನ್ನು ಈಗಲೂ ಗದರಿಸಿಕೊಂಡೇ ನಡೆಸುತ್ತಾಳೆ. ಅಕ್ಕ ಮೆಷಿನ್ನು ತಂದಾಗ "ಈ ಆನೆ ಕಟ್ಕೊಂಡು ಮುಳುಗ್ತೀಯ" ಅಂದಿದ್ದಳು. "ಅಂಗಡಿ ಮುಚ್ಚಿದ ದಿನ ಹೇಳಿ ಕಳಿಸ್ತೀನಿ. ಅಲ್ಲೀವರೆಗೂ ನಮಗೆ ಮಾತು ಬೇಡ" ಅಂದಿದ್ದಳು ಅಕ್ಕ. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಇಬ್ಬರದೂ ಒಂದೇ ಎರಕದ ಹಟ. ಇಂಥ ಹಟದ ಮುಂದೆ ಬಂಡೆಯೂ ನಾಚಿ ಮೆತ್ತಗಾಗಬೇಕು.

ಕೂಗುತ್ತಿದ್ದ ಕಾರ್ಡು ಯಾವುದು? ಪೆಟ್ಟಿಗೆ ಬಿಚ್ಚಿದೆ. ಮೆಷಿನ್ನಿನ ಕಾರ್ಡಿನ ಪಕ್ಕದಲ್ಲೇ ಹಳೆಯ ಫ್ಯಾಕ್ಸ್ ಕಾರ್ಡು ಕೂತಿತ್ತು. ಫ್ಯಾಕ್ಸಿನಲ್ಲಿ ಆರ್ಡರು ಬರುತ್ತಿದ್ದ ಕಾಲದ್ದು. ಅದು ಬೇಡವೆಂದು ಅಕ್ಕನಿಗೆ ಹೇಳಿದ್ದೆ. ಆದರೆ ಈ ಅಂಗಡಿಯ ಕಟ್ಟಳೆಯೇ ಬೇರೆ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಉಳಿದ ಬೆರಳಗಲದ ಚೂರನ್ನೂ ಕಟ್ಟಿ ವಾಪಸು ಕೊಡುತ್ತಾರೆ. ಬೋರ್ಡು ಬದಲಿಸಿದ ದಿನ ಅಕ್ಕ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಿದ್ದಳು. "ಹಳೇ ಡಬ್ಬದಲ್ಲಿದ್ದದ್ದೆಲ್ಲ ಹೊಸ ಡಬ್ಬದಲ್ಲೂ ಇರ್ಬೇಕು. ಒಂದು ಸ್ಕ್ರೂ ಹೊರಗೆ ಉಳೀತೋ, ನಿನ್ನ ಜೇಬು ತಡಕ್ತೀನಿ." ಹಾಗಾಗಿ ಕಾರ್ಡನ್ನೂ ಹಾಕಿದ್ದೆ, ಗೋಡೆಯಿಂದ ಬಂದಿದ್ದ ಫೋನಿನ ವಯರನ್ನೂ ಅದರ ತೂತಿಗೆ ಸಿಕ್ಕಿಸಿದ್ದೆ. ಹೊಸ ಸಿಸ್ಟಮ್ಮಿನಲ್ಲಿ ಆ ಕಾರ್ಡನ್ನು ವಿಚಾರಿಸುವ ಪ್ರೋಗ್ರಾಮೇ ಇರಲಿಲ್ಲ.

"ಇದೇ ಕಳ್ಳ ಇರ್ಬೇಕು ಅಕ್ಕ. ಆದ್ರೆ ಇದು ಸುಮ್ಸುಮ್ನೆ ಯಾಕೆ ಕೂಗುತ್ತೆ, ಅದೂ ಊಟ ಆದ್ಮೇಲೆ? ಭಾವ, ಈ ಫೋನ್ ಲೈನು ಸತ್ತಿದೆ ತಾನೆ?"

"ಕಡಿಸ್ಬೇಕು ಅಂತ ಇದ್ದೀನಪ್ಪ" ಎಂದರು ಭಾವ. ಅವರು ಅದನ್ನು ಕಡಿಸಬೇಕೆಂದು ಎಷ್ಟೋ ವರ್ಷಗಳಿಂದ ಇದ್ದಾರೆ.

ಲೈನಿನಲ್ಲಿ ಜೀವವಿದೆಯೋ ನೋಡೋಣವೆಂದು ಹಳೆಯ ಫೋನು ಕೇಳಿದೆ. ಅದು ಭಾವನ ಮೇಜಿನ ಮೇಲೆ, ಬಟ್ಟೆ ಕತ್ತರಿಸುವ ಅಳತೆಯ ಕಾಗದಗಳು ಹಾರದಂತೆ ಭಾರಕ್ಕೆ ಕೂತಿತ್ತು. ಭಾವ ಒಲ್ಲದ ಮನಸ್ಸಿನಿಂದ ತಂದುಕೊಟ್ಟರು. ಕಾರ್ಡಿನಿಂದ ವಯರು ಕಿತ್ತು ಫೋನಿಗೆ ಸಿಕ್ಕಿಸಿದೆ.

ಕೈಯಲ್ಲೇ ಟ್ರಿಣ್ ಎಂದಿತು. ನಾನು ಹೆದರಲಿಲ್ಲ. ಫೋನು ಕೈಜಾರಿದ್ದು ಬೆವರಿಗೆ. ಎತ್ತಿದೆ. ಆ ಕಡೆ ಪಾತ್ರೆಗಳ ಸದ್ದು.

"ಯಾರದು? ಮನುಷ್ಯರು ಯಾಕೆ ಎತ್ತಿದ್ರಿ? ಕಿರುಚೋದು ಎಲ್ಲಿ?"

"ಚಿಕ್ಕಮ್ಮ! ನಾನು."

"ಬಡಾಯಿನಾ? ನೀನಲ್ವೋ ಕಿರುಚೋದು, ಅವಳ ಮೆಷಿನ್ನು. ಮಕ್ಕಳಿಗೆ ಊಟ ಬಡಿಸಿ, ಕೈ ಒರೆಸ್ಕೊಂಡು ಇಲ್ಲಿಗೆ ಫೋನ್ ಮಾಡ್ತೀನಿ. ಕಿರ್ರ್ ಅನ್ನುತ್ತೆ. ಸರಿ, ಅಂಗಡಿ ನಡೀತಿದೆ ಅಂತ ಇಟ್ಬಿಡ್ತೀನಿ. ಮಾತಾಡೋಕೆ ಅಂತ ಏನಲ್ಲ, ಹೇಳ್ಬೇಡ ಅವಳಿಗೆ. ಈಗ ವಾರದಿಂದ ಬರೀ ರಿಂಗು. ಎಷ್ಟು ಸಲ ಮಾಡಿದ್ರೂ ರಿಂಗೇ. ಮುಚ್ಚಿಬಿಟ್ಳೇನೋ?"

ಹಳೆಯ ಸಿಸ್ಟಮ್ಮಿನ ಫ್ಯಾಕ್ಸ್ ಪ್ರೋಗ್ರಾಮು ಇಷ್ಟು ವರ್ಷ ಅವಳ ಕರೆ ಎತ್ತಿ, ಕಿರುಚಿ, ಸಮಾಧಾನ ಮಾಡಿ ಕಳಿಸುತ್ತಿತ್ತು. ನನ್ನ ಹೊಸ ಸಿಸ್ಟಮ್ಮು ಎತ್ತುತ್ತಿರಲಿಲ್ಲ. ಪ್ರತಿ ರಿಂಗಿಗೂ ಕಾರ್ಡು ಕೂಗುತ್ತಿತ್ತು, ಮೆಷಿನ್ನು ನಿಲ್ಲುತ್ತಿತ್ತು, ಅವಳು ಗಾಬರಿಯಾಗಿ ಮತ್ತೆ ಮಾಡುತ್ತಿದ್ದಳು.

ಚಿಕ್ಕಮ್ಮನ ದನಿಗೆ ಫೋನೇ ಬೇಕಿಲ್ಲ. ಅಕ್ಕನಿಗೆ ಎಲ್ಲ ಕೇಳಿಸಿತ್ತು. ಕನ್ನಡಕ ತೆಗೆದಿಟ್ಟು ಎದ್ದು ಬಂದು ಕೈ ಚಾಚಿದಳು. ಫೋನು ತೆಗೆದುಕೊಂಡು ಕಣ್ಣಲ್ಲೇ ನನಗೆ ಪೆಟ್ಟಿಗೆ ತೋರಿಸಿದಳು.

ಕಾರ್ಡು ಕಿತ್ತೆ. ಅದನ್ನು ಅವಳ ಇನ್ನೊಂದು ಕೈಗೆ ಒಪ್ಪಿಸಿದೆ, ಜೇಬು ತಡಕುವುದು ಬೇಡವೆಂದು. ಕಂಪ್ಯೂಟರು ಹಚ್ಚಿದೆ. ಅದು ಎದ್ದು ಮೈಮುರಿಯುವಷ್ಟು ಹೊತ್ತೂ ಫೋನಿನ ಆ ತುದಿಯಲ್ಲಿ ನಲ್ಲಿಯ ಸದ್ದು. ಚಿಕ್ಕಮ್ಮ ಫೋನು ಇಡಲಿಲ್ಲ.

"ಹಾಕ್ರೀ" ಎಂದಳು ಅಕ್ಕ. ಭಾವ ಕೋಟನ್ನು ಸೂಜಿಯಡಿ ಬಿಗಿದರು. ಮೆಷಿನ್ನು ಓಡಿತು. ಒಂದು ಇಡೀ ಹೆಸರು ಮುಗಿಯುವವರೆಗೆ ಅಕ್ಕ ಫೋನನ್ನು ಸೂಜಿಯ ಹತ್ತಿರ ಹಿಡಿದು ನಿಂತಳು.

"ಕೇಳ್ತಾ?"

"ಇದೇನೇ, ಟಕಟಕ ಅನ್ನುತ್ತೆ?"

"ಕಿರ್ರ್ ಅಂತಿದ್ದದ್ದು ಫ್ಯಾಕ್ಸು. ಇದು ನನ್ನ ಮೆಷಿನ್ನು."

ಆ ಕಡೆ ನಲ್ಲಿಯ ಸದ್ದು ನಿಂತಿತು. "ಅಂದ್ರೆ ಇಷ್ಟು ವರ್ಷ ನಾನು ಸುಮ್ನೆ ಇನ್ಯಾವುದನ್ನೋ ಕೇಳ್ಕೊಂಡು ಕೂತಿದ್ನಾ? ಆನೇನೇ ಇದು, ಈಗ್ಲೂ ಹೇಳ್ತೀನಿ. ಇನ್ನೊಂದು ಹೊಲಿ, ಕೇಳ್ತೀನಿ."

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. "ರೀ, ನಾಳೆ ಬರೋನಿಗೆ ಬರ್ಬೇಡ ಅನ್ನಿ."

"ನೀನೇ ಹೇಳೇ, ನನಗೆ ಕೆಲಸ ಇದೆ."

"ನಾನು ಫೋನಲ್ಲಿದ್ದೀನಿ, ಕಾಣಲ್ವಾ?"

ಕೋಟುಗಳು ಸಂಜೆಗೆ ಹೋದವು. ಮುಂದಿನ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಅಳತೆಯ ಕಾಗದಗಳು ಹಾರತೊಡಗಿದ್ದವು, ಭಾರಕ್ಕಿದ್ದ ಫೋನು ಈಗ ಅಕ್ಕನ ಕಿವಿಯಲ್ಲಿತ್ತು. ಭಾವ ಕಂಪ್ಯೂಟರ್ ಲೋಕದ ಈ ಮಹಾಪುರುಷನನ್ನು ಕರೆದು, ಕಾಗದಗಳ ಮೇಲೆ ಎರಡೂ ಕೈ ಇಡಿಸಿದರು. ಆ ಮೇಜಿನ ಮೇಲೇ ತಲೆಯಿಟ್ಟು ನಾನು ನಿದ್ದೆ ಹೋದೆ. ಕಾಗದ ಒಂದೂ ಅಲುಗಲಿಲ್ಲ.